‘ಸರ್ಫರ್ ರೋಸಾ’: ಧ್ವನಿಮುದ್ರಣ, ಮಿಶ್ರಣ ಮತ್ತು ಸಾಕ್ಷ್ಯ

೧

ಸಂಗೀತವನ್ನು ಕುರಿತ ವಿಮರ್ಶೆಯಲ್ಲಿ ನಾವು ಸಾಮಾನ್ಯವಾಗಿ ರಾಗವನ್ನೋ ತಾಳವನ್ನೋ, ಹಾಡಿನ ಸಾಹಿತ್ಯವನ್ನೋ, ಹಾಡುವವರ ಕಂಠವನ್ನೋ ಎತ್ತಿಕೊಂಡು ಚರ್ಚಿಸುತ್ತೇವೆ. ಆದರೆ ಇಂದು ನಮ್ಮ ಕಿವಿಗೆ ಬೀಳುವ ಸಂಗೀತದ ಬಹುಭಾಗ ನಮ್ಮೆದುರಿನಲ್ಲಿ ಹಾಡಿದ್ದಲ್ಲ. ಎಂದೋ ಎಲ್ಲಿಯೋ ಹಾಡಿದ್ದನ್ನು ಯಂತ್ರಗಳ ಮೂಲಕ ಹಿಡಿದು, ಅದರ ಅಂಗಗಳನ್ನು ಬೇರ್ಪಡಿಸಿ, ಮತ್ತೆ ಕೂಡಿಸಿ, ಹದಮಾಡಿ ನಮ್ಮ ಬಳಿಗೆ ಕಳುಹಿಸಿದ್ದು. ಈ ಹಿಡಿಯುವ ಮತ್ತು ಹದಮಾಡುವ ಕೆಲಸ ಬರಿಯ ಕಸುಬಿನ ವಿಷಯ, ರಸವಿಚಾರಕ್ಕೆ ಸಂಬಂಧಿಸಿದ್ದಲ್ಲ ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಂಟು. ಈ ಭಾವನೆ ಸರಿಯಲ್ಲವೆಂಬುದನ್ನು ಒಂದು ನಿದರ್ಶನದ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರಿತ್ರೆಯ ವಿಭಾಗದಿಂದ ಬಂದ ನಾವು ಈ ವಿಷಯಕ್ಕೆ ಕೈಹಾಕುವುದಕ್ಕೆ ಕಾರಣವಿಲ್ಲದೆ ಇಲ್ಲ. ಶಾಸನವನ್ನು ಓದುವವನಿಗೆ ಕಲ್ಲಿನ ಮೇಲಿನ ಬರಹ ಎಷ್ಟು ಮುಖ್ಯವೋ ಅದರ ಪಡಿಯಚ್ಚನ್ನು ತೆಗೆದ ರೀತಿಯೂ ಅಷ್ಟೇ ಮುಖ್ಯ. ಮಸಿ ಹೆಚ್ಚಾದರೆ ಅಕ್ಷರ ಮುಚ್ಚಿಹೋಗುತ್ತದೆ. ಕಾಗದವನ್ನು ಸರಿಯಾಗಿ ಒತ್ತದಿದ್ದರೆ ಕಲ್ಲಿನ ಬಿರುಕು ಅಕ್ಷರದಂತೆ ಕಾಣುತ್ತದೆ. ಧ್ವನಿಮುದ್ರಿಕೆಯೂ ಇಂಥದೊಂದು ಪಡಿಯಚ್ಚು. ಅದರಲ್ಲಿ ಮೂಲದ್ದೆಷ್ಟು, ಅಚ್ಚು ತೆಗೆದವನದೆಷ್ಟು ಎಂದು ಕೇಳುವ ಹಕ್ಕು ಚರಿತ್ರೆಯ ವಿದ್ಯಾರ್ಥಿಗೆ ಇದೆ.

ಇಲ್ಲಿ ಆರಿಸಿಕೊಂಡಿರುವುದು ಅಮೆರಿಕದ ಬಾಸ್ಟನ್ ನಗರದ ‘ಪಿಕ್ಸೀಸ್’ ಎಂಬ ತಂಡದ ‘ಸರ್ಫರ್ ರೋಸಾ’. ೧೯೮೮ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ‘೪ಎಡಿ’ ಎಂಬ ಸಂಸ್ಥೆ ಇದನ್ನು ಪ್ರಕಟಿಸಿತು. ‘ಇಂಡಿ ರಾಕ್’ ಎಂಬ ಹೆಸರಿನಲ್ಲಿರುವ ‘ಇಂಡಿ’ ಎಂಬುದು ಸ್ವತಂತ್ರ ಎಂಬರ್ಥದ ಇಂಗ್ಲಿಷ್ ಪದದ ಮೊಟಕು ರೂಪ. ದೊಡ್ಡ ಕಂಪನಿಗಳ ಹಂಗಿಲ್ಲದೆ ಸಣ್ಣ ಪ್ರಕಾಶಕರ ಮೂಲಕ ಹೊರಬಂದ ಸಂಗೀತ ಎಂಬುದು ಅದರ ಮೂಲಾರ್ಥ. ಅಂಥ ಧ್ವನಿಮುದ್ರಿಕೆಗಳ ಗುಣಕ್ಕೂ ಅವುಗಳ ಹಿಂದಿದ್ದ ಹಣದ ಮಿತಿಗೂ ಇರುವ ಸಂಬಂಧ ಮುಂದೆ ಸ್ಪಷ್ಟವಾಗುತ್ತದೆ.

೨

ಮೊದಲು ಬಹಿರಂಗ ಸಾಕ್ಷ್ಯವನ್ನು ನೋಡೋಣ. ಪಿಕ್ಸೀಸ್ ತಂಡ ರೂಪುಗೊಂಡದ್ದು ೧೯೮೬ರಲ್ಲಿ. ಬ್ಲ್ಯಾಕ್ ಫ್ರಾನ್ಸಿಸ್ ಹಾಡುಗಾರ ಮತ್ತು ಗಿಟಾರುವಾದಕ. ಜೋಯಿ ಸ್ಯಾಂಟಿಯಾಗೊ ಪ್ರಧಾನ ಗಿಟಾರುವಾದಕ. ಕಿಮ್ ಡೀಲ್ ಬಾಸ್ ಗಿಟಾರು ನುಡಿಸುತ್ತ ಹಾಡುತ್ತಲೂ ಇದ್ದಾಕೆ. ಡೇವಿಡ್ ಲವರಿಂಗ್ ಡ್ರಮ್ ವಾದಕ. ೧೯೮೭ರಲ್ಲಿ ಇವರು ಬಾಸ್ಟನ್ನಿನ ಫೋರ್ಟ್ ಅಪಾಚೆ ಸ್ಟುಡಿಯೋದಲ್ಲಿ ಹದಿನೇಳು ಹಾಡುಗಳನ್ನು ಮಾದರಿಗಾಗಿ ಮುದ್ರಿಸಿದರು. ಅವುಗಳಲ್ಲಿ ಎಂಟನ್ನು ಆರಿಸಿ ೪ಎಡಿ ಸಂಸ್ಥೆಯವರು ‘ಕಮ್ ಆನ್ ಪಿಲ್ಗ್ರಿಮ್’ ಎಂಬ ಕಿರು ಮುದ್ರಿಕೆಯನ್ನು ಅದೇ ವರ್ಷ ಹೊರತಂದರು. ಅದರ ಬೆನ್ನಿಗೇ ಪೂರ್ಣಪ್ರಮಾಣದ ಕೃತಿಯೊಂದನ್ನು ಸಿದ್ಧಪಡಿಸಬೇಕಾಗಿ ಬಂದಾಗ ಷಿಕಾಗೊ ನಗರದ ಸ್ಟೀವ್ ಆಲ್ಬಿನಿಯವರನ್ನು ಕರೆಸಿದರು. ಆಗ ಆಲ್ಬಿನಿಯವರಿಗೆ ಇಪ್ಪತ್ತೈದು ವರ್ಷ. ‘ಬಿಗ್ ಬ್ಲ್ಯಾಕ್’ ಎಂಬ ಅವರ ಸ್ವಂತ ತಂಡ ಅದೇ ವರ್ಷ ಮುಗಿದಿತ್ತು.

೧೯೮೭ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಕ್ಯೂ ಡಿವಿಷನ್ ಸ್ಟುಡಿಯೋದಲ್ಲಿ ಸುಮಾರು ಹತ್ತು ದಿನಗಳಲ್ಲಿ ಕೆಲಸ ಮುಗಿಯಿತು. ಒಟ್ಟು ವೆಚ್ಚಕ್ಕೆ ಗೊತ್ತುಮಾಡಿದ್ದ ಮೊತ್ತ ಸುಮಾರು ೧೦,೦೦೦ ಡಾಲರು. ಅದರಲ್ಲಿ ಆಲ್ಬಿನಿಯವರ ಸಂಭಾವನೆ ೧,೫೦೦ ಡಾಲರು. ಮಾರಾಟದ ಮೇಲೆ ಪಾಲು ಪಡೆಯುವುದನ್ನು ಅವರು ನಿರಾಕರಿಸಿದರು. ಹಾಡಿದವರಿಗೂ ನುಡಿಸಿದವರಿಗೂ ಸೇರಬೇಕಾದ ಹಣದಲ್ಲಿ ಮುದ್ರಕನು ಕೈಯಿಡುವುದು ಅನ್ಯಾಯವೆಂಬುದು ಅವರು ಜೀವಮಾನವಿಡೀ ಹಿಡಿದುಕೊಂಡು ಬಂದ ತತ್ತ್ವ. ‘ನಿರ್ಮಾಪಕ’ ಎಂಬ ಬಿರುದೂ ಅವರಿಗೆ ಒಗ್ಗಲಿಲ್ಲ. ಹೆಸರನ್ನು ಹಾಕಲೇಬೇಕಾದರೆ ‘ಮುದ್ರಿಸಿದವರು’ ಎಂದಷ್ಟೇ ಹಾಕಲಿ ಎಂಬುದು ಅವರ ಅಪೇಕ್ಷೆಯಾಗಿತ್ತು.

ಈ ಸಂಗತಿಗಳನ್ನು ಕೇವಲ ವೃತ್ತಾಂತವೆಂದು ಬದಿಗಿಡಲಾಗದು. ತಾನು ಕರ್ತೃವಲ್ಲ, ಸಾಕ್ಷಿ ಎಂಬುದು ಈ ಮುದ್ರಕನ ವಾದ. ಪದವಿಯಲ್ಲಿ, ಸಂಭಾವನೆಯಲ್ಲಿ ಈ ವಾದವನ್ನು ಅವರು ಪ್ರಾಮಾಣಿಕವಾಗಿ ಪಾಲಿಸಿದರು. ಕೃತಿಯ ಒಳಗೂ ಅದು ನಿಲ್ಲುತ್ತದೆಯೆ ಎಂಬುದೇ ನಮ್ಮ ಪ್ರಶ್ನೆ. ಇದಕ್ಕೆ ಉತ್ತರವನ್ನು ಅಂತರಂಗ ಸಾಕ್ಷ್ಯದಲ್ಲಿಯೇ ಹುಡುಕಬೇಕು.

೩

ಮುದ್ರಣ ಮತ್ತು ಮಿಶ್ರಣ ಎಂಬ ಎರಡು ಹಂತಗಳನ್ನು ಇಲ್ಲಿ ಬೇರ್ಪಡಿಸಿ ನೋಡುವುದು ಅಗತ್ಯ. ಒಂದೊಂದು ವಾದ್ಯದ ಮುಂದೆಯೂ ಒಂದೋ ಹಲವೋ ಮೈಕುಗಳನ್ನಿಟ್ಟು, ಪ್ರತಿಯೊಂದರಿಂದ ಬರುವ ನಾದವನ್ನು ಅಗಲವಾದ ಅಯಸ್ಕಾಂತದ ಟೇಪಿನ ಮೇಲೆ ಅಕ್ಕಪಕ್ಕದ ಬೇರೆ ಬೇರೆ ಪಟ್ಟಿಗಳಲ್ಲಿ ಹಿಡಿಯುವುದು ಮುದ್ರಣ. ಹಾಗೆ ಹಿಡಿದ ಪಟ್ಟಿಗಳಲ್ಲಿ ಯಾವುದು ಎಷ್ಟು ಜೋರಾಗಿ ಕೇಳಬೇಕು, ಎಡಕ್ಕಿರಬೇಕೆ ಬಲಕ್ಕಿರಬೇಕೆ, ಹತ್ತಿರವಿರಬೇಕೆ ದೂರವಿರಬೇಕೆ ಎಂದು ನಿರ್ಣಯಿಸಿ ಎರಡೇ ಪಟ್ಟಿಗಳಿಗೆ ಇಳಿಸುವುದು ಮಿಶ್ರಣ. ಮೊದಲನೆಯದು ಆಕರಗಳ ಸಂಗ್ರಹಕ್ಕೆ ಸಮಾನವಾದರೆ ಎರಡನೆಯದು ಗ್ರಂಥಸಂಪಾದನೆಗೆ ಸಮಾನ. ಸಂಗ್ರಹದಲ್ಲಿ ಬಿಟ್ಟುಹೋದದ್ದನ್ನು ಸಂಪಾದಕನು ಹುಟ್ಟಿಸಲಾರ. ಸಂಗ್ರಹದಲ್ಲಿ ಇದ್ದದ್ದನ್ನು ಅವನು ಮರೆಮಾಡಬಲ್ಲ.

‘ಸರ್ಫರ್ ರೋಸಾ’ದ ಮೊದಲ ಹಾಡು ‘ಬೋನ್ ಮಷೀನ್’. ಅದು ಡ್ರಮ್ಮಿನಿಂದಲೇ ಆರಂಭವಾಗುತ್ತದೆ. ಬಾಸ್ ಗಿಟಾರು ಆಮೇಲೆ ಬಂದು ಸೇರುತ್ತದೆ, ಉಳಿದ ಗಿಟಾರು ಅದರ ಬಳಿಕ. ಹೀಗೆ ಒಂದೊಂದಾಗಿ ಪಾತ್ರಗಳು ರಂಗಕ್ಕೆ ಬರುವುದರಿಂದ ಕೇಳುಗನಿಗೆ ಮುದ್ರಣದ ಗುಣವನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯಲಾರದು. ಆ ಡ್ರಮ್ಮಿನ ನಾದವನ್ನು ಗಮನಿಸಿದರೆ ಅದರಲ್ಲಿ ಎರಡು ಪದರಗಳಿವೆ. ಕೋಲು ಚರ್ಮಕ್ಕೆ ತಾಗುವ ಒಣ ಪೆಟ್ಟು ಒಂದು. ಆ ಪೆಟ್ಟು ಕೋಣೆಯ ಗೋಡೆ, ನೆಲ, ಸೂರುಗಳಿಗೆ ಬಡಿದು ಹಿಂದಿರುಗುವ ಅನುರಣನ ಇನ್ನೊಂದು. ಆ ಕಾಲದ ಜನಪ್ರಿಯ ಮುದ್ರಿಕೆಗಳಲ್ಲಿ ಈ ಎರಡನೆಯ ಪದರವನ್ನು ಯಂತ್ರದಿಂದ ತಯಾರಿಸುವುದು ವಾಡಿಕೆಯಾಗಿತ್ತು. ಡ್ರಮ್ಮನ್ನು ಸದ್ದಡಗಿಸಿದ ಕೋಣೆಯಲ್ಲಿ ಮುದ್ರಿಸಿ, ವಿದ್ಯುದುಪಕರಣದಿಂದ ದೊಡ್ಡ ಸಭಾಂಗಣದ ಪ್ರತಿಧ್ವನಿಯನ್ನು ಅದಕ್ಕೆ ಲೇಪಿಸುತ್ತಿದ್ದರು. ಆ ಲೇಪ ಎಲ್ಲ ಹಾಡಿಗೂ ಒಂದೇ ಬಗೆಯದಾಗಿರುತ್ತಿತ್ತು.

ಆಲ್ಬಿನಿಯವರ ಪದ್ಧತಿ ಬೇರೆ. ವಾದ್ಯಕ್ಕೆ ಹತ್ತಿರದ ಮೈಕುಗಳಲ್ಲದೆ ಕೋಣೆಯಲ್ಲಿ ದೂರ ದೂರಕ್ಕೆ ಇನ್ನೂ ಕೆಲವು ಮೈಕುಗಳನ್ನು ಇಟ್ಟು, ಕೋಣೆಯ ನಾದವನ್ನೇ ಪ್ರತ್ಯೇಕ ಆಕರವಾಗಿ ಹಿಡಿಯುವುದು ಅವರ ಮಾರ್ಗ. ಇದರ ಪರಿಣಾಮವನ್ನು ಲೆಕ್ಕದಿಂದಲೂ ತಿಳಿಯಬಹುದು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಚಲಿಸುತ್ತದೆ. ಎಂದರೆ ಐದು ಮೀಟರು ಆಚೆಗಿರುವ ಮೈಕಿಗೆ ಅದೇ ಪೆಟ್ಟು ಸುಮಾರು ೧೫ ಮಿಲಿಸೆಕೆಂಡು ತಡವಾಗಿ ಮುಟ್ಟುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ ೧೯೪೯ರಲ್ಲಿ ತಮ್ಮ ಪ್ರಬಂಧದಲ್ಲಿ ತೋರಿಸಿದಂತೆ, ಇಷ್ಟು ಅಲ್ಪ ಅಂತರದಲ್ಲಿ ಬಂದ ಎರಡು ಶಬ್ದಗಳನ್ನು ನಮ್ಮ ಕಿವಿ ಎರಡೆಂದು ಗ್ರಹಿಸುವುದಿಲ್ಲ; ಮೊದಲು ಬಂದದ್ದರ ದಿಕ್ಕನ್ನೇ ಇಡೀ ಶಬ್ದದ ದಿಕ್ಕೆಂದು ಭಾವಿಸಿ, ಹಿಂದೆ ಬಂದದ್ದನ್ನು ಅದರ ಗಾತ್ರಕ್ಕೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಪೆಟ್ಟು ಮಸುಕಾಗದೆ ದೊಡ್ಡದಾಗುತ್ತದೆ. ಲವರಿಂಗರ ಡ್ರಮ್ ಈ ಮುದ್ರಿಕೆಯಲ್ಲಿ ಮೈಯೊಡ್ಡಿ ನಿಂತಂತೆ ಕೇಳುವುದಕ್ಕೆ ಇದೇ ಕಾರಣ. ಅದರ ಬಲ ಜೋರಿನಿಂದ ಬಂದದ್ದಕ್ಕಿಂತ ಹೆಚ್ಚಾಗಿ ದೂರದ ಸರಿಯಾದ ಅಳತೆಯಿಂದ ಬಂದದ್ದು.

ಇಲ್ಲಿ ರಸಕ್ಕೆ ಸಂಬಂಧಿಸಿದ ಮಾತೂ ಇದೆ. ಕೋಣೆಯ ನಾದ ಕೇಳಿದಾಗ ಕೇಳುಗನಿಗೆ ಒಂದು ಸ್ಥಳದ ಅರಿವು ಉಂಟಾಗುತ್ತದೆ. ನಾಲ್ವರು ಒಂದು ಜಾಗದಲ್ಲಿ ನಿಂತು ನುಡಿಸುತ್ತಿದ್ದಾರೆ ಎಂಬ ನಂಬಿಕೆ ಹುಟ್ಟುತ್ತದೆ. ಪಿಕ್ಸೀಸರ ಹಾಡುಗಳೋ ಒಡೆದ ಮೈ, ಮುರಿದ ಮುಖ, ಕಳೆದುಹೋದ ಮನಸ್ಸು ಮುಂತಾದ ವಿಕಟ ವಸ್ತುಗಳ ಸುತ್ತ ಹೆಣೆದವು. ಅವುಗಳ ಅರ್ಥ ಹಲವೆಡೆ ಕೈಗೆ ಸಿಗುವುದಿಲ್ಲ. ಅರ್ಥ ಹೀಗೆ ಜಾರುತ್ತಿರುವಾಗ ನಾದ ಗಟ್ಟಿಯಾದ ನೆಲದ ಮೇಲೆ ನಿಂತಿರುವುದು ಔಚಿತ್ಯಪೂರ್ಣ. ಕನಸಿನಂಥ ಮಾತಿಗೆ ಕನಸಿನಂಥ ಮುಸುಕನ್ನೂ ಹಾಕಿದ್ದರೆ ಎರಡೂ ಕರಗಿಹೋಗುತ್ತಿದ್ದುವು.

೪

ಈಗ ಮಿಶ್ರಣದ ವಿಷಯ. ಜನಪ್ರಿಯ ಸಂಗೀತದಲ್ಲಿ ಗಾಯಕನ ಕಂಠ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರಬೇಕೆಂಬುದು ಬರೆಯದ ಶಾಸನ. ‘ಸರ್ಫರ್ ರೋಸಾ’ದಲ್ಲಿ ಹಾಗಿಲ್ಲ. ಫ್ರಾನ್ಸಿಸರ ಕಂಠ ಗಿಟಾರುಗಳ ನಡುವೆ, ಅವುಗಳ ಸಮಕ್ಕೆ ಇದೆ. ಕೆಲವೆಡೆ ಡ್ರಮ್ ಅದನ್ನು ಮೀರಿದೆ. ಆದ್ದರಿಂದ ಅವರು ಕೂಗಿದಾಗ ಅದು ಅಲಂಕಾರದ ಕೂಗಾಗಿ ಕೇಳದೆ, ತನ್ನ ಸುತ್ತಣ ಗದ್ದಲವನ್ನು ಮೀರಲು ಹೊರಟವನ ನಿಜವಾದ ಪ್ರಯತ್ನವಾಗಿ ಕೇಳುತ್ತದೆ. ಸಾಹಿತ್ಯದ ಕೆಲವು ಪದಗಳು ಇದರಿಂದ ಕೇಳದೆ ಹೋಗಿವೆ ಎಂಬುದೂ ನಿಜ.

ಮೃದು ಮತ್ತು ತೀವ್ರ ಭಾಗಗಳ ನಡುವಣ ಅಂತರವನ್ನು ಉಳಿಸಿಕೊಂಡಿರುವುದು ಈ ಮಿಶ್ರಣದ ಎರಡನೆಯ ಗುಣ. ಕಿಮ್ ಡೀಲ್ ಹಾಡಿರುವ ‘ಜೈಗ್ಯಾಂಟಿಕ್’ ಇದಕ್ಕೆ ಉತ್ತಮ ಉದಾಹರಣೆ. ಬಾಸ್ ಗಿಟಾರಿನ ಸರಳವಾದ ನಡೆಯಿಂದ ಹಾಡು ಏಳುತ್ತದೆ. ಕಂಠ ಪಕ್ಕದಲ್ಲಿ ಕುಳಿತು ಹೇಳಿದಷ್ಟು ಮೆಲ್ಲಗೆ ಬರುತ್ತದೆ. ಪಲ್ಲವಿಯ ಹೊತ್ತಿಗೆ ಗಿಟಾರುಗಳು ಒಮ್ಮೆಗೇ ಮೇಲೆ ಬೀಳುತ್ತವೆ. ಈ ಏರಿಕೆ ಪರಿಣಾಮಕಾರಿಯಾಗಬೇಕಾದರೆ ಮೊದಲಿನ ಭಾಗ ನಿಜವಾಗಿಯೂ ಮೆಲ್ಲಗಿರಬೇಕು. ತೊಂಬತ್ತರ ದಶಕದಿಂದ ಮುದ್ರಿಕೆಗಳನ್ನು ಒಂದಕ್ಕಿಂತ ಒಂದು ಜೋರಾಗಿ ಕೇಳಿಸಬೇಕೆಂಬ ಪೈಪೋಟಿ ಬೆಳೆದು, ಮೆಲುದನಿಯನ್ನು ಮೇಲೆತ್ತಿ ಜೋರುದನಿಯನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವ ಅಭ್ಯಾಸ ಹರಡಿತು. ಕಾಂಪ್ಯಾಕ್ಟ್ ಡಿಸ್ಕ್ ಎಂಬ ಮಾಧ್ಯಮ ಅತಿ ಮೆಲ್ಲಗಿನ ನಾದಕ್ಕೂ ಅತಿ ಜೋರಿನ ನಾದಕ್ಕೂ ನಡುವೆ ಸುಮಾರು ೯೬ ಡೆಸಿಬೆಲ್ ಅಂತರವನ್ನು ಹಿಡಿಯಬಲ್ಲದು. ಅಂಥ ವಿಶಾಲವಾದ ಅಂಗಳವನ್ನು ಕೊಟ್ಟಾಗ ಅದರ ಒಂದು ಮೂಲೆಯಲ್ಲೇ ಎಲ್ಲರೂ ಗುಂಪುಗೂಡಿ ನಿಂತಂತಾಯಿತು. ಆ ಪೈಪೋಟಿಗೆ ಮುಂಚಿನದಾದ ಈ ಮುದ್ರಿಕೆಯನ್ನು ಇಂದು ಕೇಳುವಾಗ ಅದರ ಮೌನಗಳೂ ಮುದ್ರಣದ ಭಾಗವೆಂಬುದು ಮನಸ್ಸಿಗೆ ಬರುತ್ತದೆ.

೫

ಇಷ್ಟರವರೆಗೆ ಹೇಳಿದ್ದೆಲ್ಲ ಮುದ್ರಕನನ್ನು ಸಾಕ್ಷಿಯೆಂದು ಒಪ್ಪುವುದಕ್ಕೆ ಅನುಕೂಲವಾಗಿದೆ. ಆದರೆ ಇದಕ್ಕೆ ಎದುರಾದ ಸಾಕ್ಷ್ಯವೂ ಕೃತಿಯಲ್ಲಿಯೇ ಇದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

‘ವೇರ್ ಈಸ್ ಮೈ ಮೈಂಡ್?’ ಎಂಬ ಹಾಡು ಇವರ ಕೃತಿಗಳಲ್ಲಿ ಇಂದು ಅತ್ಯಂತ ಪ್ರಸಿದ್ಧವಾದದ್ದು. ೧೯೯೯ರ ‘ಫೈಟ್ ಕ್ಲಬ್’ ಚಲನಚಿತ್ರದ ಕೊನೆಯಲ್ಲಿ ಬಳಸಿದ ಮೇಲೆ ಅದರ ಕೀರ್ತಿ ಬಹಳ ಹೆಚ್ಚಿತು. ಅದರಲ್ಲಿ ಕಿಮ್ ಡೀಲ್ ಮಾತಿಲ್ಲದ ಒಂದು ಆಲಾಪವನ್ನು ಹಿನ್ನೆಲೆಯಲ್ಲಿ ಹಾಡುತ್ತಾರೆ. ಅದು ಎಲ್ಲಿಯೋ ದೂರದ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಈ ಹಾಡಿಗೂ ‘ಜೈಗ್ಯಾಂಟಿಕ್’ ಹಾಡಿಗೂ ಆಕೆಯ ಕಂಠವನ್ನು ಮುದ್ರಿಸಲು ಆಲ್ಬಿನಿಯವರು ಸಲಕರಣೆಗಳನ್ನು ಸ್ಟುಡಿಯೋದ ಸ್ನಾನಗೃಹಕ್ಕೆ ಸಾಗಿಸಿದರು. ಯಂತ್ರದ ಪ್ರತಿಧ್ವನಿ ಬೇಡ, ಗೋಡೆಯ ಪ್ರತಿಧ್ವನಿಯೇ ಬೇಕು ಎಂಬುದು ಉದ್ದೇಶ. ಪ್ರತಿಧ್ವನಿ ನಿಜವಾದದ್ದೇ, ಆದರೆ ತಂಡದ ಉಳಿದ ವಾದ್ಯಗಳು ಸ್ನಾನಗೃಹದಲ್ಲಿರಲಿಲ್ಲ! ಒಂದೇ ಹಾಡಿನಲ್ಲಿ ಎರಡು ಕೋಣೆಗಳು ಸೇರಿಕೊಂಡಿವೆ. ಎಲ್ಲಿಯೂ ಇರದ ಒಂದು ಮೂರನೆಯ ಸ್ಥಳ ಅದರಿಂದ ನಿರ್ಮಾಣವಾಗಿದೆ. ‘ಸಂಥಿಂಗ್ ಅಗೇನ್ಸ್ಟ್ ಯು’ ಎಂಬ ಹಾಡಿನಲ್ಲಿಯಂತೂ ಫ್ರಾನ್ಸಿಸರ ಕಂಠವನ್ನು ಗಿಟಾರಿನ ಆಂಪ್ಲಿಫೈಯರಿನ ಮೂಲಕ ಹಾಯಿಸಿ, ಅದು ಮನುಷ್ಯನ ಕಂಠವೆಂದು ಗುರುತಿಸುವುದೇ ಕಷ್ಟವಾಗುವಷ್ಟು ಒರಟುಗೊಳಿಸಿದ್ದಾರೆ. ಸಾಕ್ಷಿಯೆನಿಸಿಕೊಂಡವರು ಮಾಡುವ ಕೆಲಸವೆ ಇದು?

ಇನ್ನೊಂದು ಅಂಶ ಹಾಡುಗಳ ನಡುವೆ ಉಳಿಸಿರುವ ಸ್ಟುಡಿಯೋದ ಮಾತುಕತೆ. ‘ಓ ಮೈ ಗಾಲಿ!’ ಮುಗಿದ ಮೇಲೆ ಸಂದರ್ಭ ಅರ್ಧ ಮರೆಯಾದ ಒಂದು ಹಾಸ್ಯದ ಗದರಿಕೆ ಕೇಳುತ್ತದೆ. ‘ಐ ಆಮ್ ಅಮೇಜ್ಡ್’ ಆರಂಭವಾಗುವುದಕ್ಕೆ ಮೊದಲು ಕಿಮ್ ಡೀಲ್ ಏನೋ ಹಳೆಯ ಸಂಗತಿಯನ್ನು ಹೇಳುತ್ತಿರುವುದು ಕೇಳುತ್ತದೆ. ಮುದ್ರಿಕೆಯಲ್ಲಿ ಸಂಗೀತೇತರ ಮಾತು ಉಳಿಯುವುದು ಹೊಸದಲ್ಲ. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗ್ರಾಮಫೋನು ಕಂಪನಿಗಾಗಿ ಮುದ್ರಿಸಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳುತ್ತಿದ್ದರು. ತಟ್ಟೆಗಳನ್ನು ಒತ್ತುತ್ತಿದ್ದ ಜರ್ಮನಿಯ ಹ್ಯಾನೋವರಿನ ಕೆಲಸಗಾರರಿಗೆ ಅದು ಯಾರ ಹಾಡೆಂದು ತಿಳಿಯಲೆಂಬುದು ಅದರ ಉದ್ದೇಶ. ೧೯೨೮ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಆ ಗಾಯಕಿಯ ಹಾಡಿಗಿಂತ ಹೆಚ್ಚಾಗಿ ಆ ಸಾರುವ ದನಿಯನ್ನೇ ಹಲವರು ನೆನೆಯುತ್ತಾರೆ. ಅಲ್ಲಿ ಮಾತು ಕೆಲಸದ ಅಗತ್ಯದಿಂದ ಉಳಿಯಿತು. ‘ಸರ್ಫರ್ ರೋಸಾ’ದಲ್ಲಿ ಅಂಥ ಅಗತ್ಯವಿರಲಿಲ್ಲ. ಕೇಳಿದವರಿಗೆ ‘ಇದು ಆಗುತ್ತಿದ್ದಾಗಲೇ ಹಿಡಿದದ್ದು’ ಎಂಬ ಭಾವನೆ ಬರಲೆಂದು ಅದನ್ನು ಬೇಕೆಂದೇ ಇರಿಸಿದ್ದಾರೆ. ಎಂದರೆ ಸಾಕ್ಷ್ಯದ ಭಾಸವನ್ನು ಉಂಟುಮಾಡುವುದೂ ಒಂದು ಕಲೆಗಾರಿಕೆಯೇ ಆಯಿತು.

ಆಲ್ಬಿನಿಯವರೇ ಮುಂದೆ ಈ ಕೃತಿಯ ವಿಷಯದಲ್ಲಿ ಸಮಾಧಾನ ತಾಳಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಮೊದಮೊದಲು ಅವರು ಪತ್ರಿಕೆಯಲ್ಲಿ ಈ ತಂಡವನ್ನು ಹಗುರವಾಗಿ ಕಂಡು ಬರೆದರು. ಅನಂತರ ಆ ಮಾತಿಗಾಗಿ ವಿಷಾದಿಸಿದರು. ತಂಡದ ಅಪೇಕ್ಷೆಗಿಂತ ತಮ್ಮ ಸ್ವಂತ ಅಭಿರುಚಿಯನ್ನು ಆ ಮುದ್ರಿಕೆಯ ಮೇಲೆ ಹೇರಿದೆವೆಂದೂ ವರ್ಷಗಳ ಮೇಲೆ ಒಪ್ಪಿಕೊಂಡರು. ಸಾಕ್ಷಿಯೇ ತಾನು ಬರಿಯ ಸಾಕ್ಷಿಯಾಗಿರಲಿಲ್ಲ ಎಂದು ಹೇಳಿದ ಮೇಲೆ ವಿಮರ್ಶಕನು ಆ ಬಿರುದನ್ನು ಉಳಿಸಲು ಹೋರಾಡಬೇಕಾದ್ದಿಲ್ಲ.

೬

ಹಾಗಾದರೆ ಈ ಮುದ್ರಣದ ಶ್ರೇಷ್ಠತೆ ಎಲ್ಲಿದೆ? ಪಾಠಾಂತರಗಳನ್ನು ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ. ಅದೃಷ್ಟವಶಾತ್ ಇಲ್ಲಿ ಪಾಠಾಂತರಗಳು ಇವೆ. ‘ಜೈಗ್ಯಾಂಟಿಕ್’ ಮತ್ತು ‘ರಿವರ್ ಯೂಫ್ರೇಟೀಸ್’ ಎಂಬ ಎರಡು ಹಾಡುಗಳನ್ನು ೧೯೮೮ರಲ್ಲಿಯೇ ಗಿಲ್ ನಾರ್ಟನ್ ಎಂಬ ಇಂಗ್ಲಿಷ್ ನಿರ್ಮಾಪಕರು ಬಿಡಿ ಮುದ್ರಿಕೆಗಾಗಿ ಹೊಸದಾಗಿ ಮುದ್ರಿಸಿದರು. ತಂಡದ ಮುಂದಿನ ಕೃತಿಯಾದ, ೧೯೮೯ರ ಏಪ್ರಿಲಿನಲ್ಲಿ ಹೊರಬಂದ ‘ಡೂಲಿಟಲ್’ ಕೂಡ ನಾರ್ಟನರದೇ. ಅದಕ್ಕೆ ಗೊತ್ತುಮಾಡಿದ್ದ ವೆಚ್ಚ ೪೦,೦೦೦ ಡಾಲರು, ಎಂದರೆ ಹಿಂದಿನದರ ನಾಲ್ಕರಷ್ಟು.

ನಾರ್ಟನರ ಪಾಠದಲ್ಲಿ ಕಂಠ ಸ್ಪಷ್ಟ, ಗಿಟಾರುಗಳು ನಯವಾಗಿ ಪದರಗೊಂಡಿವೆ, ಹಾಡಿನ ಕಟ್ಟಡ ಅಚ್ಚುಕಟ್ಟಾಗಿದೆ. ಹಾಡನ್ನು ಹಾಡಾಗಿ ಕೇಳಬಯಸುವವರು ಇದನ್ನೇ ಮೆಚ್ಚಬಹುದು. ‘ಡೂಲಿಟಲ್’ ಕೃತಿಯ ಸೊಗಸನ್ನು ಅಲ್ಲಗಳೆಯುವ ಹಟ ನಮಗಿಲ್ಲ. ಆದರೆ ಅಲ್ಲಿ ತಂಡ ಎಲ್ಲಿ ನಿಂತಿದೆ ಎಂಬುದು ತಿಳಿಯುವುದಿಲ್ಲ. ‘ಸರ್ಫರ್ ರೋಸಾ’ದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ನಾರ್ಟನರು ಹಾಡನ್ನು ಸಂಪಾದಿಸಿದರು, ಆಲ್ಬಿನಿಯವರು ಒಂದು ಘಟನೆಯನ್ನು ಸಂಪಾದಿಸಿದರು ಎಂದು ಈ ವ್ಯತ್ಯಾಸವನ್ನು ಸಂಗ್ರಹಿಸಬಹುದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಮಾರ್ಗವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ‘ಮೈ ಬ್ಲಡಿ ವ್ಯಾಲೆಂಟೈನ್’ ತಂಡದ ‘ಲವ್‌ಲೆಸ್’ ೧೯೯೧ರ ನವೆಂಬರಿನಲ್ಲಿ ಪ್ರಕಟವಾಯಿತು. ಅದರ ಕೆಲಸ ೧೯೮೯ರಿಂದ ಎರಡು ವರ್ಷಕ್ಕೂ ಮಿಕ್ಕಿ, ಹತ್ತೊಂಬತ್ತು ಸ್ಟುಡಿಯೋಗಳಲ್ಲಿ ನಡೆಯಿತು. ಅಲ್ಲಿ ಕೆವಿನ್ ಷೀಲ್ಡ್ಸ್ ಗಿಟಾರಿನ ಕಂಪನದ ಹಿಡಿಯನ್ನು ಬಿಡದೆ ಅಲುಗಿಸುತ್ತ ನುಡಿಸಿ, ಸ್ವರವೇ ಬಾಗಿ ತೊನೆಯುವಂತೆ ಮಾಡಿದರು. ಡ್ರಮ್ಮಿನ ಬಹುಭಾಗವನ್ನು ವಾದಕನ ನುಡಿತದ ತುಣುಕುಗಳಿಂದ ಜೋಡಿಸಿದರು. ಅಲ್ಲಿ ಕೋಣೆಯೆಂಬುದೇ ಇಲ್ಲ. ಇಡೀ ನಾದ ಒಂದು ಮಂಜಿನಂತೆ ಹಬ್ಬಿದೆ. ಅದೂ ಮಹತ್ವದ ಕೃತಿಯೇ. ಆದರೆ ಅದು ತಾನು ಘಟನೆಯೆಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ‘ಸರ್ಫರ್ ರೋಸಾ’ ಹೇಳಿಕೊಳ್ಳುತ್ತದೆ. ಆದ್ದರಿಂದಲೇ ಅದನ್ನು ಅದರ ಮಾತಿನಿಂದಲೇ ಅಳೆಯಬೇಕಾಗುತ್ತದೆ.

ಹಾಗೆ ಅಳೆದಾಗ ನಮಗೆ ತೋರುವುದಿಷ್ಟು. ತಟಸ್ಥವಾದ ಮುದ್ರಣ ಎಂಬುದು ಇಲ್ಲ. ಮೈಕನ್ನು ಇಲ್ಲಿಡಬೇಕೆ ಅಲ್ಲಿಡಬೇಕೆ ಎಂದು ನಿರ್ಣಯಿಸಿದ ಕ್ಷಣವೇ ವ್ಯಾಖ್ಯಾನ ಆರಂಭವಾಗುತ್ತದೆ; ಚರಿತ್ರಕಾರನು ಒಂದು ದಾಖಲೆಯನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟ ಕ್ಷಣವೇ ಅವನ ಚರಿತ್ರೆ ಆರಂಭವಾಗುವಂತೆ. ಆದರೆ ತಟಸ್ಥತೆ ಸಾಧ್ಯವಿಲ್ಲವೆಂಬುದರಿಂದ ಎಲ್ಲ ವ್ಯಾಖ್ಯಾನಗಳೂ ಸಮವೆಂದು ಹೇಳಬಾರದು. ತನ್ನ ಆಕರಗಳನ್ನು ಓದುಗನ ಕಣ್ಣಿಗೆ ಬೀಳುವಂತೆ ಇಟ್ಟಿರುವ ಚರಿತ್ರೆಗೂ ಅವುಗಳನ್ನು ನುಣ್ಣಗೆ ಅರೆದು ಕಥೆಯಾಗಿಸಿದ ಚರಿತ್ರೆಗೂ ಭೇದವಿದೆ. ‘ಸರ್ಫರ್ ರೋಸಾ’ ಮೊದಲನೆಯ ಜಾತಿಯದು. ಅಲ್ಲಿ ಸ್ನಾನಗೃಹವು ಸ್ನಾನಗೃಹದಂತೆಯೇ, ಆಂಪ್ಲಿಫೈಯರು ಆಂಪ್ಲಿಫೈಯರಿನಂತೆಯೇ ಕೇಳುತ್ತದೆ. ಕೈವಾಡ ಉಂಟು, ಆದರೆ ಕೈ ಕಾಣುತ್ತದೆ. ಇದೇ ಅದರ ಪ್ರಾಮಾಣಿಕತೆ.

೭

ಈ ಮುದ್ರಿಕೆಯ ಪ್ರಭಾವ ಅದರ ಮಾರಾಟಕ್ಕಿಂತ ಮುಂದೆ ಓಡಿತು. ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಮನ್ನಣೆ ಅದಕ್ಕೆ ದೊರೆತದ್ದು ೨೦೦೫ರಲ್ಲಿ, ಪ್ರಕಟಣೆಯಾದ ಹದಿನೇಳು ವರ್ಷಗಳ ಮೇಲೆ. ಆದರೆ ತೊಂಬತ್ತರ ದಶಕದ ಆದಿಯಲ್ಲಿಯೇ ಸಂಗೀತಗಾರರು ಅದರ ನಾದವನ್ನು ಹುಡುಕಿಕೊಂಡು ಬಂದರು. ಪಿ. ಜೆ. ಹಾರ್ವಿಯವರ ‘ರಿಡ್ ಆಫ್ ಮೀ’ಯನ್ನು ಆಲ್ಬಿನಿಯವರು ಮುದ್ರಿಸಿದರು, ೧೯೯೩ರ ಫೆಬ್ರುವರಿಯಲ್ಲಿ ಮಿನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ ‘ನಿರ್ವಾಣ’ ತಂಡದ ‘ಇನ್ ಯೂಟೆರೋ’ವನ್ನು ಮುದ್ರಿಸಿದರು. ನಿರ್ವಾಣದ ಕರ್ಟ್ ಕೋಬೇನರಿಗೆ ‘ಸರ್ಫರ್ ರೋಸಾ’ದ ಡ್ರಮ್ಮಿನ ನಾದದ ಮೇಲೆ ಬಹಳ ಪ್ರೀತಿಯಿತ್ತು. ಇಲ್ಲಿಯೂ ಆಲ್ಬಿನಿಯವರು ಒಂದೇ ಮೊತ್ತದ ಸಂಭಾವನೆಯನ್ನು ಪಡೆದು ಮಾರಾಟದ ಪಾಲನ್ನು ಬಿಟ್ಟರು. ಆ ಕೃತಿ ಲಕ್ಷಗಟ್ಟಲೆ ಮಾರಾಟವಾಗುವುದೆಂದು ಎಲ್ಲರಿಗೂ ಗೊತ್ತಿದ್ದಾಗ ಬಿಟ್ಟದ್ದು ಎಂಬುದನ್ನು ಗಮನಿಸಬೇಕು.

ಆದರೆ ಕಂಠವೂ ಬಾಸ್ ಗಿಟಾರೂ ಸಾಕಷ್ಟು ಕೇಳುವುದಿಲ್ಲವೆಂಬ ಆಕ್ಷೇಪ ಎದ್ದು, ‘ಇನ್ ಯೂಟೆರೋ’ದ ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಎಂಬವರಿಂದ ಮತ್ತೆ ಮಿಶ್ರಣ ಮಾಡಿಸಲಾಯಿತು. ಈ ಆಕ್ಷೇಪ ತೀರ ನಿರಾಧಾರವಾದದ್ದಲ್ಲ. ‘ಸರ್ಫರ್ ರೋಸಾ’ದಲ್ಲಿ ನಾವು ಮೇಲೆ ಕಂಡ ದೋಷವೇ ಅದು. ‘ಬ್ರೋಕನ್ ಫೇಸ್’ನಂಥ ಧಾವಂತದ ಹಾಡುಗಳಲ್ಲಿ ಡ್ರಮ್ಮಿನ ಗಾತ್ರ ಉಳಿದುದನ್ನು ನುಂಗುವಂತಿದೆ. ಕೋಣೆಯ ನಾದವನ್ನು ನೆಚ್ಚಿದ ಮಾರ್ಗಕ್ಕೆ ಇದು ಸಹಜವಾದ ಅಪಾಯ: ಕೋಣೆ ಎಲ್ಲವನ್ನೂ ಸಮನಾಗಿ ಹಿಂದಿರುಗಿಸುವುದಿಲ್ಲ, ಹೆಚ್ಚು ಜೋರಿನದನ್ನೇ ಹೆಚ್ಚಾಗಿ ಹಿಂದಿರುಗಿಸುತ್ತದೆ. ಈ ದೋಷವನ್ನು ಒಪ್ಪಿಕೊಂಡೇ ನಾವು ಕೃತಿಯನ್ನು ಮೆಚ್ಚಬೇಕಾಗಿದೆ.

ಹಣದ ಮಾತನ್ನು ಕೊನೆಯಲ್ಲಿ ಮತ್ತೆ ಎತ್ತುವುದಕ್ಕೆ ಕಾರಣವಿದೆ. ೧೯೯೩ರಲ್ಲಿ ಆಲ್ಬಿನಿಯವರು ‘ದಿ ಬ್ಯಾಫ್ಲರ್’ ಎಂಬ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಬರೆದರು. ದೊಡ್ಡ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ ಕಲ್ಪಿತ ತಂಡವೊಂದರ ಲೆಕ್ಕವನ್ನು ಅದರಲ್ಲಿ ಬಿಡಿಬಿಡಿಯಾಗಿ ತೋರಿಸಿ, ಎರಡೂವರೆ ಲಕ್ಷ ಪ್ರತಿಗಳು ಮಾರಾಟವಾದರೂ ಸಂಗೀತಗಾರನೊಬ್ಬನ ಕೈಗೆ ಬರುವುದು ಸುಮಾರು ೪,೦೦೦ ಡಾಲರು ಮಾತ್ರ ಎಂದು ಸಾಧಿಸಿದರು. ಈ ಲೆಕ್ಕದ ಬೆಳಕಿನಲ್ಲಿ ನೋಡಿದರೆ ‘ಸರ್ಫರ್ ರೋಸಾ’ದ ಗುಣಗಳಿಗೆ ಇನ್ನೊಂದು ಕಾರಣ ಹೊಳೆಯುತ್ತದೆ. ಹತ್ತು ದಿನಗಳ ಗಡುವಿನಲ್ಲಿ ನಯಗೊಳಿಸುವುದಕ್ಕೆ ಬಿಡುವಿರಲಿಲ್ಲ. ಆದ್ದರಿಂದ ಮೊದಲೇ ಸರಿಯಾಗಿ ಹಿಡಿಯಬೇಕಾಯಿತು. ಮಿಶ್ರಣದಲ್ಲಿ ತಿದ್ದಿಕೊಳ್ಳಬಹುದೆಂಬ ಭರವಸೆ ಇಲ್ಲದಿದ್ದಾಗ ಮೈಕನ್ನು ಇಡುವ ಸ್ಥಳಕ್ಕೆ ಬೆಲೆ ಬರುತ್ತದೆ. ಬಡತನದಿಂದ ಕಲೆ ಹುಟ್ಟುತ್ತದೆಂದು ನಾವು ಹೇಳುತ್ತಿಲ್ಲ; ಹತ್ತು ಸಾವಿರ ಡಾಲರಿನಲ್ಲಿ ತಯಾರಾದ ಕಳಪೆ ಮುದ್ರಿಕೆಗಳು ಬೇಕಾದಷ್ಟಿವೆ. ಕೊರತೆಯನ್ನು ಮರೆಸದೆ ಅದನ್ನೇ ಶಿಸ್ತಾಗಿ ಮಾರ್ಪಡಿಸಿಕೊಂಡ ಕೃತಿ ಇದು ಎಂಬುದಷ್ಟೇ ನಮ್ಮ ಮಾತು.

ಆಲ್ಬಿನಿಯವರು ೨೦೨೪ರ ಮೇ ೭ರಂದು, ೧೯೯೭ರಲ್ಲಿ ತಾವು ಷಿಕಾಗೊ ನಗರದಲ್ಲಿ ಸ್ಥಾಪಿಸಿದ ‘ಎಲೆಕ್ಟ್ರಿಕಲ್ ಆಡಿಯೋ’ ಸ್ಟುಡಿಯೋದಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ ಅರುವತ್ತೊಂದು ವರ್ಷ. ಅವರು ಕೊನೆಯವರೆಗೂ ಟೇಪನ್ನೇ ನೆಚ್ಚಿಕೊಂಡಿದ್ದರು. ಗಣಕಯಂತ್ರದ ಕಡತಗಳನ್ನು ತೆರೆಯುವ ವಿಧಾನಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ, ಟೇಪಾದರೋ ಮುಂದಿನ ತಲೆಮಾರಿನವರ ಕೈಗೂ ಸಿಗುತ್ತದೆ ಎಂಬುದು ಅವರ ವಾದವಾಗಿತ್ತು. ಹಳೆಯ ಕಾಗದಪತ್ರಗಳ ಕಟ್ಟುಗಳನ್ನು ಬಿಚ್ಚುವ ನಮಗೆ ಇದು ಅನ್ಯ ವೃತ್ತಿಯವರ ಮಾತಾಗಿ ಕೇಳುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಸೂಚನೆಯನ್ನು ಕೊಟ್ಟು ಮುಗಿಸಬಹುದು. ಈ ಮುದ್ರಿಕೆಯ ಹದಿಮೂರು ಹಾಡುಗಳಿಗೆ ಹಿಡಿಯುವ ಕಾಲ ಸುಮಾರು ಮೂವತ್ತಮೂರು ನಿಮಿಷ. ಅದನ್ನು ಒಮ್ಮೆ ಹಾಡಿಗಾಗಿ ಕೇಳಿ, ಇನ್ನೊಮ್ಮೆ ಕೋಣೆಗಾಗಿ ಕೇಳಬೇಕು: ಯಾವ ನಾದ ಹತ್ತಿರದ್ದು, ಯಾವುದು ದೂರದ್ದು, ಯಾವುದರ ಹಿಂದೆ ಗೋಡೆಯಿದೆ, ಯಾವುದರ ಹಿಂದೆ ಇಲ್ಲ ಎಂದು ಗುರುತುಹಾಕಿಕೊಳ್ಳಬೇಕು. ‘ಜೈಗ್ಯಾಂಟಿಕ್’ ಹಾಡಿನ ಎರಡು ಪಾಠಗಳನ್ನು ಒಂದರ ಹಿಂದೆ ಒಂದರಂತೆ ಕೇಳಿ ಭೇದಗಳನ್ನು ಬರೆದುಕೊಳ್ಳಬೇಕು. ಶಾಸನದ ಪಡಿಯಚ್ಚನ್ನು ಮೂಲದೊಡನೆ ಹೋಲಿಸುವುದಕ್ಕೆ ಬೇಕಾದ ತಾಳ್ಮೆಯೇ ಇಲ್ಲಿಯೂ ಬೇಕು. ಹಾಗೆ ಕೇಳಿ ಬಂದವರು ನಮ್ಮ ನಿರ್ಣಯವನ್ನು ಒಪ್ಪದಿದ್ದರೂ ಚಿಂತೆಯಿಲ್ಲ. ಅವರ ಆಕ್ಷೇಪಕ್ಕೆ ಆಧಾರವಿರುತ್ತದೆ.